ಹಿತ್ತಲ ತೋಟ: ಚಳಿಗಾಲದ ಕಾಯಿಪಲ್ಯವನ್ನು ಬಿತ್ತುವ ಹದ

ಬಳ್ಳಾರಿಯಂತಹ ಬಿಸಿಲ ಸೀಮೆಯಲ್ಲಿ ಹೂಕೋಸು, ಗಜ್ಜರಿಗಳನ್ನು ಬೆಳೆಯುವ ಮಾತೇ ಹಾಸ್ಯಾಸ್ಪದವೆಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ. ಈ ಸೀಮೆಗೂ ಚಳಿಗಾಲವಿದೆ. ಆದರೆ ಅದು ಅವಸರದ ನೆಂಟನಂತೆ ಬಂದು ಹೊರಟುಹೋಗುತ್ತದೆ. ಆದುದರಿಂದ ಇಲ್ಲಿಯ ತೋಟಗಾರಿಕೆಯ ಗುಟ್ಟು ಗೊಬ್ಬರದಲ್ಲಿರುವುದಕ್ಕಿಂತ ಹೆಚ್ಚಾಗಿ ಪಂಚಾಂಗದಲ್ಲಿದೆಯೆಂದರೆ ತಪ್ಪಾಗಲಾರದು.

ಇದನ್ನು ನಾವು ನಷ್ಟಪಟ್ಟೇ ಕಲಿತೆವು. ಒಂದು ವರ್ಷ ಮನೆಯ ಮದುವೆಯ ಗಡಿಬಿಡಿಯಲ್ಲಿ ಹೂಕೋಸಿನ ಬೀಜವನ್ನು ಡಿಸೆಂಬರಿನಲ್ಲಿ ಚೆಲ್ಲಿದೆವು. ಸಸಿಗಳೇನೋ ಸೊಂಪಾಗಿಯೇ ಬೆಳೆದುವು. ಆದರೆ ಮಾರ್ಚಿಯಲ್ಲಿ ಹೂವು ಗಟ್ಟಿಯಾಗಿ ಕಟ್ಟದೆ ಸಡಿಲವಾಗಿ ಬಿರಿದು ಹಳದಿಗೆ ತಿರುಗಿತು. ಮನೆಯ ಹೆಂಗಸರು ದಿನವೂ ಕೊಡದಲ್ಲಿ ಹೊತ್ತು ಹಾಕಿದ ನೀರೆಲ್ಲ ವ್ಯರ್ಥವಾಯಿತು. ತಪ್ಪು ಬೀಜದ್ದಲ್ಲ, ನೆಲದ್ದೂ ಅಲ್ಲ. ದಿನಗಳನ್ನು ಲೆಕ್ಕಹಾಕದ ನಮ್ಮದು.

ಲೆಕ್ಕವನ್ನು ಹಿಂದಿನಿಂದ ಹಾಕತಕ್ಕದ್ದು. ಫೆಬ್ರವರಿ ಕಳೆಯುತ್ತಲೇ ಇಲ್ಲಿ ಹಗಲಿನ ತಾಪವು 35 ಡಿಗ್ರಿಯನ್ನು ದಾಟುತ್ತದೆ. ಆದುದರಿಂದ ಶಿವರಾತ್ರಿಗೆ ಮುಂಚಿತವಾಗಿ ಫಸಲು ಕೈಸೇರಬೇಕು. ಹೂಕೋಸಿನ ಸಸಿಯು ಮಡಿಯಲ್ಲಿ ಸುಮಾರು 30 ದಿನ, ನಾಟಿಯಾದ ಮೇಲೆ 60ರಿಂದ 75 ದಿನ ತೆಗೆದುಕೊಳ್ಳುತ್ತದೆ. ಹಸ್ತಾ ಮಳೆಯಲ್ಲಿ, ಎಂದರೆ ಸಪ್ಟೆಂಬರ್ 27ರ ಸುಮಾರಿನಿಂದ ಅಕ್ಟೋಬರ್ 10ರೊಳಗೆ, ಬೀಜ ಬಿದ್ದರೆ ಸ್ವಾತಿಯ ಕೊನೆಗೆ ನಾಟಿಯಾಗಿ ಜನವರಿಯಲ್ಲಿ ಹೂವು ಅಡಿಗೆಮನೆಗೆ ಬರುತ್ತದೆ. ಎಲೆಕೋಸು, ನವಿಲುಕೋಸು, ಟೊಮೆಟೊಗಳ ಬೀಜಕ್ಕೂ ಇದೇ ಕಾಲ ಪ್ರಶಸ್ತವಾದುದು.

ಇನ್ನು ಬೇಗ ಬಿತ್ತಬಾರದೇ ಎಂದು ಕೇಳಬಹುದು. ಬಳ್ಳಾರಿಯಲ್ಲಿ ಸಪ್ಟೆಂಬರ್ ತಿಂಗಳಿನಲ್ಲಿಯೇ ಮಳೆ ಹೆಚ್ಚು. ಎಳೆಯ ಸಸಿಗಳು ನಿಂತ ನೀರಿನಲ್ಲಿ ಬುಡ ಕೊಳೆತು ಸಾಯುತ್ತವೆ. ಆದ್ದರಿಂದ ಸಸಿಮಡಿಯನ್ನು ನೆಲಕ್ಕಿಂತ ಅರ್ಧ ಅಡಿ ಎತ್ತರಿಸಿ, ಬೀಜದ ಮೇಲೆ ತೆಳ್ಳಗೆ ಹುಲ್ಲು ಹೊದಿಸಿ, ಮೊಳಕೆ ಕಂಡೊಡನೆ ಅದನ್ನು ತೆಗೆದುಬಿಡಬೇಕು.

ಬೇರಿನ ಕಾಯಿಪಲ್ಯಗಳನ್ನು ಕಿತ್ತು ನೆಡುವುದು ಸಲ್ಲದು, ಇದ್ದಲ್ಲಿಯೇ ಬಿತ್ತಬೇಕು. ಗಜ್ಜರಿಗೂ ಬೀಟ್‌ರೂಟಿಗೂ ಸ್ವಾತಿ ಮಳೆಯ ಕಾಲ ಒಳ್ಳೆಯದು. ಗಜ್ಜರಿಯು ಮೊಳೆಯಲು 10-15 ದಿನ ಹಿಡಿಯುವುದರಿಂದ ಅವಸರಪಟ್ಟು ಮಡಿಯನ್ನು ಕೆದಕಬಾರದು. ಮೂಲಂಗಿ, ಮೆಂತ್ಯ, ಕೊತ್ತಂಬರಿಗಳನ್ನು ಒಮ್ಮೆಲೇ ಬಿತ್ತದೆ, 15 ದಿನಕ್ಕೊಂದು ಪಾತಿಯಂತೆ ಸಂಕ್ರಾಂತಿಯವರೆಗೆ ಬಿತ್ತುತ್ತಿದ್ದರೆ ಮನೆಗೆ ನಿತ್ಯವೂ ಸೊಪ್ಪು ದೊರೆಯುತ್ತದೆ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತುವುದು ಗೃಹಿಣಿಯರಿಗೆ ತಿಳಿದ ವಿಷಯವೇ. ಬಟಾಣಿಯು ಇದಕ್ಕಿಂತ ತಂಪಾದ ಹವೆಯನ್ನು ಬಯಸುವುದರಿಂದ ಅದರ ಆಸೆಯನ್ನು ಬಿಟ್ಟು, ಬೇಲಿಗೆ ಅವರೆಯ ಬಳ್ಳಿಯನ್ನು ಹಬ್ಬಿಸುವುದು ಲೇಸು.

ಬೀಜದ ಜಾತಿಯನ್ನೂ ವಿಚಾರಿಸಿಯೇ ಕೊಳ್ಳಬೇಕು. ಹೂಕೋಸಿನಲ್ಲಿ ಪೂಸಾ ಸ್ನೋಬಾಲ್ ಎಂಬುದು ಉತ್ತರದ ಕೊರೆಯುವ ಚಳಿಗೆ ತಕ್ಕುದು. ನಮಗೆ ಪೂಸಾ ದೀಪಾಲಿಯಂತಹ ಮುಂಗಡ ಜಾತಿಗಳೇ ಹೊಂದುತ್ತವೆ.

ಇನ್ನು ನೆಲದ ವಿಚಾರ. ಸಿರುಗುಪ್ಪದ ಕಡೆಯ ಕಪ್ಪು ಭೂಮಿಯು ನೀರು ಹೆಚ್ಚಾದರೆ ಅಂಟುತ್ತದೆ, ಒಣಗಿದರೆ ಬಿರಿಯುತ್ತದೆ. ಅಲ್ಲಿ ಏರುಮಡಿಗಳನ್ನು ಕಟ್ಟಿ, ಆ ಊರಿನಲ್ಲಿ ಯಥೇಚ್ಛವಾಗಿ ಸಿಗುವ ಭತ್ತದ ಹುಲ್ಲನ್ನು ಗಿಡಗಳ ಬುಡಕ್ಕೆ ಹೊದಿಸಿದರೆ ಬಿರುಕು ತಪ್ಪುತ್ತದೆ. ಕುರುಗೋಡಿನ ಬೆಟ್ಟಗಳ ಬುಡದಲ್ಲಿ ಮರಳುಮಿಶ್ರ ಮಣ್ಣಿರುವ ಹಿತ್ತಲುಗಳಿಗೆ ಗಜ್ಜರಿ, ಮೂಲಂಗಿ ಒಪ್ಪುತ್ತವೆ. ಆದರೆ ಹಸಿಯ ಸಗಣಿಯನ್ನು ಹಾಕಿದರೆ ಗಡ್ಡೆ ಕವಲೊಡೆಯುವುದರಿಂದ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೇ ಹಾಕಬೇಕು. ಬಳ್ಳಾರಿ ಪಟ್ಟಣದಲ್ಲಿ ಅಂಗಳವೇ ಇಕ್ಕಟ್ಟು. ಅಲ್ಲಿಯ ಗೃಹಸ್ಥರು ಹಳೆಯ ಡಬ್ಬಿಗಳಲ್ಲಿ ಮೆಂತ್ಯ, ಪಾಲಕಗಳನ್ನೂ, ಒಂದು ಮೂಲೆಯಲ್ಲಿ ನಾಲ್ಕು ಟೊಮೆಟೊ ಗಿಡಗಳನ್ನೂ ಬೆಳೆದರೆ ಸಾಕು.

ಕೋಸಿಗೆ ಹೇನು ಹತ್ತಿದರೆ ಔಷಧದಂಗಡಿಗೆ ಓಡಬೇಕಾಗಿಲ್ಲ. 50 ಗ್ರಾಂ ಬೇವಿನ ಬೀಜವನ್ನು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಯಿಸಿ, ಸೋಸಿ, ಚಿಟಿಕೆ ಸಾಬೂನು ಕಲಸಿ ಸಂಜೆಯ ಹೊತ್ತು ಚಿಮುಕಿಸಿದರೆ ಹುಳುಗಳು ತಗ್ಗುತ್ತವೆ. ಮಕ್ಕಳ ತಟ್ಟೆಗೆ ಬೀಳುವ ಸೊಪ್ಪಿನ ಮೇಲೆ ಏನು ಬಿದ್ದಿದೆಯೆಂಬುದು ನಮಗೆ ತಿಳಿದಿರುವುದೇ ಹಿತ್ತಲ ತೋಟದ ದೊಡ್ಡ ಲಾಭ.

ಕಡೆಯದಾಗಿ ನೀರು. 1953ರಲ್ಲಿ ತುಂಗಭದ್ರೆಯ ಕಾಲುವೆಗಳಿಗೆ ನೀರು ಬಂದಂದಿನಿಂದ ಈ ಸೀಮೆಯ ಮುಖವೇ ಬದಲಾಯಿತು. ಆದರೂ 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋದಾಗ ಎಷ್ಟು ರೈತರ ಎದೆ ನಡುಗಿತೆಂಬುದನ್ನು ನಾವು ಮರೆಯಲಾರೆವು. ದೊಡ್ಡ ಹೊಲಕ್ಕೆ ಕಾಲುವೆಯೇ ಗತಿ. ಸಣ್ಣ ಹಿತ್ತಲಿಗಾದರೋ ತರಕಾರಿ, ಅಕ್ಕಿ ತೊಳೆದ ನೀರಿನಿಂದಲೂ ದೊಡ್ಡ ಆಸರೆಯಾಗುತ್ತದೆ. ಅದನ್ನು ಮೋರಿಗೆ ಚೆಲ್ಲದೆ ಬೆಳಗಿನ ಹೊತ್ತು ಬುಡಕ್ಕೆ ಹಾಕಿರಿ. ಹಸ್ತಾ ಮಳೆ ಬರುವುದರೊಳಗೆ ಒಂದೇ ಒಂದು ಮಡಿಯನ್ನಾದರೂ ಹದಮಾಡಿ ಇಟ್ಟುಕೊಂಡರೆ, ಮಿಕ್ಕುದನ್ನು ಚಳಿಗಾಲವೇ ಮಾಡಿಕೊಡುತ್ತದೆ.