ನೆಟ್ ಸ್ಲೋ ಅಲ್ಲ, ಗಡಿಯಾರ ಬೇರೆ!

ಕಳೆದ ಸಲ ನಮ್ಮ ಸಂಘದ ನಾಟಕವನ್ನು ಲೈವ್ ಮಾಡಿದಾಗ ಶುರುವಿನಲ್ಲಿ ಎಲ್ಲ ಸರಿಯಾಗೇ ಇತ್ತು. ಎರಡನೇ ಗಂಟೆ ಹೊತ್ತಿಗೆ ಪಾತ್ರಧಾರಿ ಬಾಯಿ ಮುಚ್ಚಿದ ಮೇಲೆ ಮಾತು ಕೇಳಿಸ್ತಿತ್ತು. ಮನೆಯಿಂದ ಫೋನ್ ಬಂದಾಗ ನಾವೆಲ್ಲ ಹೇಳಿದ್ದು ಒಂದೇ: "ನೆಟ್ ಸ್ಲೋ ಇದೆ ಅಮ್ಮ." ಎಂಜಿನಿಯರಿಂಗ್ ಓದೋ ನಾವು ಹಾಗೆ ಹೇಳಬಾರದಿತ್ತು.

ನೆಟ್ ನಿಧಾನವಾದರೆ ಸಾಮಾನ್ಯವಾಗಿ ಚಿತ್ರ, ಧ್ವನಿ ಎರಡೂ ಒಟ್ಟಿಗೇ ನಿಲ್ಲುತ್ತವೆ. ಆಮೇಲೆ ರೆಕಾರ್ಡಿಂಗ್ ಅಳೆದು ನೋಡಿದಾಗ, ಧ್ವನಿ ಮಾತ್ರ ಒಂದೇ ಸಮನೆ ಹಿಂದೆ ಬೀಳ್ತಾ ಹೋಗಿತ್ತು. ಇದು ಗಡಿಯಾರದ ಕೆಲಸ.

ಡಿಜಿಟಲ್ ಟಿವಿಯವರು ಇದನ್ನು ಮೊದಲೇ ಯೋಚಿಸಿದ್ದರು. ಎಂಪೆಗ್-2 ಟ್ರಾನ್ಸ್‌ಪೋರ್ಟ್ ಸ್ಟ್ರೀಮ್‌ನಲ್ಲಿ 188 ಬೈಟ್‌ಗಳ ಪ್ಯಾಕೆಟ್‌ಗಳು ಸಾಲಾಗಿ ಬರುತ್ತವೆ. ಅವುಗಳಲ್ಲಿ ಕೆಲವು ಪಿಸಿಆರ್ ಹೊತ್ತು ತರುತ್ತವೆ, ಅಂದರೆ ಕಳಿಸುವ ಕಡೆಯ 27 ಮೆಗಾಹರ್ಟ್ಸ್ ಗಡಿಯಾರದ ಎಣಿಕೆ. ಅದು 100 ಮಿಲಿಸೆಕೆಂಡಿಗೆ ಒಮ್ಮೆಯಾದರೂ ಬರಲೇಬೇಕು. ಸೆಟ್‌ಟಾಪ್ ಬಾಕ್ಸ್ ಅದನ್ನು ನೋಡಿ ತನ್ನ ಗಡಿಯಾರ ತಿದ್ದಿಕೊಳ್ಳುತ್ತೆ. ಚಿತ್ರವನ್ನೂ ಧ್ವನಿಯನ್ನೂ ಯಾವಾಗ ಹೊರಗೆ ಬಿಡಬೇಕು ಅಂತ ಹೇಳೋದು ಪಿಟಿಎಸ್. ಪಿಟಿಎಸ್ ಲಗ್ನಪತ್ರಿಕೆಯ ಮುಹೂರ್ತ, ಪಿಸಿಆರ್ ಛತ್ರದ ಗೋಡೆ ಗಡಿಯಾರ. ಎರಡೂ ಮನೆಯವರು ತಂತಮ್ಮ ವಾಚು ನೋಡಿದರೆ ಮುಹೂರ್ತ ತಪ್ಪುತ್ತೆ.

ನಮ್ಮಲ್ಲಿ ಕ್ಯಾಮೆರಾಗೆ ಒಂದು ಕ್ರಿಸ್ಟಲ್, ಸೌಂಡ್ ಕಾರ್ಡಿಗೆ ಇನ್ನೊಂದು. ಎರಡರ ನಡುವೆ ಬರೀ 30 ಪಿಪಿಎಂ ವ್ಯತ್ಯಾಸ ಅಂದುಕೊಳ್ಳಿ: ಸೆಕೆಂಡಿಗೆ 30 ಮೈಕ್ರೋಸೆಕೆಂಡ್, ಗಂಟೆಗೆ 108 ಮಿಲಿಸೆಕೆಂಡ್, ಎರಡು ಗಂಟೆಗೆ 216. ಐಟಿಯು ಶಿಫಾರಸು ಬಿಟಿ.1359ರ ಪ್ರಕಾರ ಧ್ವನಿ ಸುಮಾರು 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ನೋಡುಗರಿಗೆ ಗೊತ್ತಾಗಿಬಿಡುತ್ತೆ. ಮುಂದೆ ಬಂದರಂತೂ 45 ಸಾಕು. ಕಿವಿ ಮಂದವಾದ ಅಜ್ಜ-ಅಜ್ಜಿಯರಲ್ಲಿ ಎಷ್ಟೋ ಜನ ತುಟಿ ನೋಡಿಯೇ ಮಾತು ಹಿಡಿಯೋದು. ಅವರಿಗೆ ನಮ್ಮ ನಾಟಕ ಅರ್ಧಕ್ಕೇ ಮುಗಿದ ಹಾಗೆ.

ಮಧ್ಯದಲ್ಲಿ ಚಿತ್ರಕ್ಕೆ ಡಿಲೇ ಹಾಕಿ ಸರಿಮಾಡಿದೆವು, ಸ್ವಲ್ಪ ಹೊತ್ತಿಗೆ ಮತ್ತೆ ಜಾರಿತು. ವೇಗವೇ ಬೇರೆ ಇರುವ ಗಡಿಯಾರದ ಮುಳ್ಳು ಒಮ್ಮೆ ತಿರುಗಿಸಿ ಏನು ಪ್ರಯೋಜನ?

ನಮ್ಮ ಅಭಿಪ್ರಾಯ ಇಷ್ಟೇ. ಪಿಸಿಆರ್ ಬರೀ ಎರಡು ಮಾರ್ಕಿನ ವ್ಯಾಖ್ಯೆಯಾಗಿ ಉಳಿಯಬಾರದು, ಲ್ಯಾಬಿನಲ್ಲಿ ಒಂದು ಸ್ಟ್ರೀಮ್ ಬಿಚ್ಚಿ ನೋಡಬೇಕು. ಮುಂದಿನ ಕಾರ್ಯಕ್ರಮದ ತಾಲೀಮಿನ ಶುರು, ಮಧ್ಯ, ಕೊನೆಯಲ್ಲಿ ಕ್ಯಾಮೆರಾ ಮುಂದೆ ಒಂದೊಂದು ಚಪ್ಪಾಳೆ ತಟ್ಟಿ ಅಂತರ ಅಳೆಯೋಣ. ಅಂತರ ಒಂದೇ ಇದ್ದರೆ ಡಿಲೇ ಸಾಕು. ಬೆಳೀತಾ ಹೋದರೆ ಮಿಕ್ಸರ್‌ನ ಧ್ವನಿಯನ್ನು ಕ್ಯಾಮೆರಾಗೇ ಕೊಡೋಣ, ಎರಡಕ್ಕೂ ಒಂದೇ ಗಡಿಯಾರ ಆಗುತ್ತೆ. ಆಮೇಲೂ ತಪ್ಪಿದರೆ ನೆಟ್ ಬೈಯೋಣ.