ಚಳಿಗಾಲದಲ್ಲಿ ನಾಯಿಯ ಮೈ ಬಾಚಿರಿ

‘ಕೊನೆಕೊಯ್ಲಿನ ಗಡಿಬಿಡಿಯಲ್ಲಿ ನಮ್ಮ ತಲೆ ಬಾಚಲಿಕ್ಕೇ ಪುರಸೊತ್ತಿಲ್ಲ, ನಾಯಿಯ ಮೈ ಬಾಚುವುದೇ?’ ಎಂದು ಅರಬೈಲಿನ ಸದಸ್ಯ ಬಾಂಧವರು ನಗಬಹುದು. ಆದರೆ ಇದು ಪೇಟೆಯವರ ಶೋಕಿಯಲ್ಲ. ಮನೆಮಂದಿಯ ಆರೋಗ್ಯದ ಮಾತು.

ನಾವು ದರಕು ತರಲು ಸೊಪ್ಪಿನಬೆಟ್ಟಕ್ಕೆ ಹೋಗುವ ಈ ದಿನಗಳಲ್ಲಿಯೇ ಮರಿ ಉಣುಗುಗಳೂ ಹೆಚ್ಚುತ್ತವೆ. ಹಿಂದೆ ಬಂದ ನಾಯಿ ಅವನ್ನು ರೋಮದಲ್ಲಿ ಹೊತ್ತು ಜಗಲಿಗೆ ತರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. 2024ರಲ್ಲಿ ನಮ್ಮ ಜಿಲ್ಲೆಯ ಸಿದ್ದಾಪುರ ತಾಲ್ಲೂಕು ಅದರಿಂದ ಕಂಗೆಟ್ಟಿತ್ತು. ಹಾಗೆಂದು ನಾಯಿಯನ್ನು ಓಡಿಸುವುದು ತಪ್ಪು. ಅದರ ಮೈ ನೋಡದೆ ಒಳಗೆ ಬಿಡುವುದೂ ತಪ್ಪು.

ಚಳಿಯೆಂದು ಸ್ನಾನ ಕಡಿಮೆ ಮಾಡಿದರೂ ಬಾಚುವುದನ್ನು ಬಿಡಬಾರದು. ಬೆಟ್ಟದಿಂದ ಬಂದೊಡನೆ ಅಂಗಳದಲ್ಲಿಯೇ ಕಿವಿ, ಕುತ್ತಿಗೆ, ಬೆರಳಸಂದುಗಳನ್ನು ನೋಡಬೇಕು. ಉಣುಗನ್ನು ಬರಿಗೈಯಲ್ಲಿ ಕಿತ್ತು ಉಗುರಿನಿಂದ ಹೊಸಕುವ ರೂಢಿ ಸಲ್ಲದು. ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು, ನೇರ ಎಳೆದು, ಸ್ಪಿರಿಟ್ಟಿನ ಸೀಸೆಗೆ ಹಾಕಿ. ಕೈಯನ್ನು ಸಾಬೂನಿನಿಂದ ತೊಳೆಯಿರಿ. ಮೀಯಿಸುವುದಾದರೆ ಮಧ್ಯಾಹ್ನದ ಬಿಸಿಲಲ್ಲಿ ಬೆಚ್ಚಗಿನ ನೀರು ಬಳಸಿ, ಪೂರ್ತಿ ಒರೆಸಿರಿ.

ತೋಟಕ್ಕೆ ಹೊಡೆಯುವ ಔಷಧವನ್ನು ಪ್ರಾಣಿಗಳ ಮೈಗೆ ಹಚ್ಚಬೇಡಿ. ಬೆಕ್ಕು ಮೈ ನೆಕ್ಕಿಕೊಳ್ಳುವ ಪ್ರಾಣಿ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಅದರ ಜೀವಕ್ಕೇ ಮುಳುವಾದೀತು. ಪಶುವೈದ್ಯರನ್ನು ಕೇಳಿಯೇ ಔಷಧ ತನ್ನಿ.

ಕೊಳೆರೋಗಕ್ಕೆ ಮಳೆಗೆ ಮುಂಚೆಯೇ ಮದ್ದು ಹೊಡೆಯುವ ನಾವು, ಜಗಲಿ ಹತ್ತುವ ಉಣುಗಿಗಾಗಿ ಸಂಜೆ ಹತ್ತು ನಿಮಿಷ ಕೊಡಲಾರೆವೇ?