ಮೀನಿನ ಪಂಚಾಂಗ

ಮೀನು ಹಿಡಿಯುವುದಕ್ಕೆ ಬಲೆ ಬೇಕು, ಇಲ್ಲವೇ ಗಾಳ ಬೇಕು. ಗಾಳಕ್ಕೆ ಎರೆ ಬೇಕು. ಕೆರೆಯ ದಂಡೆಯಲ್ಲಿ ಆಡಿ ಬೆಳೆದ ಯಾವ ಹುಡುಗನೂ ಬಲ್ಲ ಮಾತಿದು. ಆದರೆ ಎರೆಯೇ ಇಲ್ಲದ ಗಾಳವೊಂದುಂಟು. ಕೊಕ್ಕೆಗೆ ಹಕ್ಕಿಯ ಗರಿಯನ್ನೂ ಮೃಗದ ರೋಮವನ್ನೂ ನೂಲಿನಿಂದ ಬಿಗಿದು, ಅದಕ್ಕೆ ಹುಳುವಿನದೋ ಸೀಗಡಿಯದೋ ಏಡಿಯದೋ ರೂಪವನ್ನು ತಂದು, ಆ ಹುಸಿಜೀವಿಯನ್ನು ಮೀನಿನ ಮುಂದೆ ಮೆಲ್ಲನೆ ಇಳಿಸುವ ಈ ವಿದ್ಯೆಗೆ ಇಂಗ್ಲಿಷಿನಲ್ಲಿ ಫ್ಲೈ ಫಿಷಿಂಗ್ ಎಂದು ಹೆಸರು. ಹೊಳೆ ತೊರೆಗಳ ಸಿಹಿನೀರಿನಲ್ಲಿ ಬೆಳೆದ ಈ ಕಲೆ ಇಪ್ಪತ್ತನೆಯ ಶತಮಾನದಲ್ಲಿ ಉಪ್ಪುನೀರಿನಲ್ಲಿಯೂ ಹರಡಿತು. ಅದು ಮೆರೆದ ತಾಣಗಳಲ್ಲಿ ಮೊದಲು ನೆನೆಯಬೇಕಾದುದು ಅಮೆರಿಕದ ಫ್ಲೋರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿರುವ ದ್ವೀಪಮಾಲೆ, ಫ್ಲೋರಿಡಾ ಕೀಸ್.

ಕನ್ನಡ ಪಾಠ ಹೇಳುವವನಿಗೆ ಆ ದೂರದ ಕಡಲಿನ ಮೀನಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಆ ಬೇಟೆಯಲ್ಲಿ ಮೀನಿಗಿಂತ ಋತುವಿನ ಮಾತೇ ಹೆಚ್ಚು. ಋತುವರ್ಣನೆಯನ್ನು ಬಿಟ್ಟು ಕಾವ್ಯಪಾಠ ಹೇಳುವುದು ನಮ್ಮಿಂದ ಆಗುವ ಕೆಲಸವಲ್ಲ.

ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಫ್ಲೋರಿಡಾ ಕೊಲ್ಲಿ, ನಡುವೆ ಮಣಿಗಳನ್ನು ಪೋಣಿಸಿದಂತೆ ದ್ವೀಪಗಳು. 1912ರಲ್ಲಿ ರೈಲು ಕೀ ವೆಸ್ಟ್ ಪಟ್ಟಣವನ್ನು ಮುಟ್ಟಿತು. 1935ರ ಸೆಪ್ಟೆಂಬರಿನ ಚಂಡಮಾರುತ ಆ ರೈಲುದಾರಿಯನ್ನು ಕಿತ್ತೆಸೆಯಿತು. ಕಾದಂಬರಿಕಾರ ಝೇನ್ ಗ್ರೇ ಮೀನಿನ ಬೇಟೆಗೆ ಬಂದು ತಂಗುತ್ತಿದ್ದ ಲಾಂಗ್ ಕೀ ಬಿಡಾರವೂ ಅದರೊಡನೆಯೇ ಕೊಚ್ಚಿಹೋಯಿತು. 1938ರಲ್ಲಿ ಅದೇ ಜಾಡಿನಲ್ಲಿ ಮೋಟಾರು ರಸ್ತೆ ಬಂದಿತು. ಈ ದ್ವೀಪಗಳ ಸುತ್ತ ಮೈಲಿಗಟ್ಟಲೆ ತೆಳುನೀರಿನ ಬಯಲುಗಳಿವೆ. ಮೊಣಕಾಲು ಮುಳುಗುವಷ್ಟು, ಹೆಚ್ಚೆಂದರೆ ಸೊಂಟ ಮುಳುಗುವಷ್ಟು ನೀರು; ತಳದಲ್ಲಿ ಬಿಳಿಯ ಮರಳು, ಕಡಲಹುಲ್ಲು; ಅಂಚಿನಲ್ಲಿ ಕಾಂಡ್ಲಾ ಗಿಡಗಳ ಹಸಿರು ಗೋಡೆ.

ಇಲ್ಲಿ ಮೀನನ್ನು ಮೊದಲು ಕಣ್ಣಿನಿಂದ ಹಿಡಿಯಬೇಕು. ಅಂಬಿಗನು ದೋಣಿಯ ಹಿಂತುದಿಯ ಅಟ್ಟಣೆಯ ಮೇಲೆ ನಿಂತು, ನೀಳವಾದ ಗಳದಿಂದ ಸದ್ದಿಲ್ಲದೆ ದೋಣಿಯನ್ನು ತಳ್ಳುತ್ತಾನೆ. ಬೇಟೆಗಾರನು ಮುಂತುದಿಯಲ್ಲಿ ಕೋಲು ಹಿಡಿದು ಕಾಯುತ್ತಾನೆ. ದೋಣಿಯ ಮೂತಿಯನ್ನು ಹನ್ನೆರಡು ಗಂಟೆಯೆಂದಿಟ್ಟುಕೊಂಡು, “ಹನ್ನೊಂದು ಗಂಟೆಗೆ, ಅರುವತ್ತು ಅಡಿ” ಎಂದು ಅಂಬಿಗನು ಪಿಸುಗುಟ್ಟಿದರೆ, ಆ ದಿಕ್ಕಿಗೆ, ಅಷ್ಟೇ ದೂರಕ್ಕೆ ಹುಸಿ ಸೀಗಡಿ ಹೋಗಿ ಬೀಳಬೇಕು. ಗರಿಗೆ ಭಾರವೆಲ್ಲಿಯದು? ಭಾರವಿರುವುದು ದಾರದಲ್ಲಿ. ಆ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ ಬಿಟ್ಟರೆ ಗರಿಯನ್ನು ಅದು ಹೊತ್ತೊಯ್ಯುತ್ತದೆ. ಗಾಳಿ ಎದುರಾದರೆ ಬೀಸು ಕೆಟ್ಟಿತು. ಮೋಡ ಮುಸುಕಿದರೆ ನೀರಿನೊಳಗಿನದು ಕಾಣದು. ಉಬ್ಬರ ಇಳಿತಗಳ ಹೊತ್ತು ತಪ್ಪಿದರೆ ಮೀನೇ ಅಲ್ಲಿರದು. ಇವೆಲ್ಲಕ್ಕೂ ಮಿಗಿಲಾಗಿ ನೋಡಬೇಕಾದುದು ನೀರಿನ ಬಿಸುಪು. ಮೀನಿಗೆ ತನ್ನದೇ ಆದ ಮೈಬಿಸಿಯಿಲ್ಲ. ನೀರು ಎಷ್ಟು ಬೆಚ್ಚಗಿದೆಯೋ ಅದರ ಮೈಯೂ ಅಷ್ಟೇ ಬೆಚ್ಚಗೆ. ಆದುದರಿಂದ ಅದರ ಪಂಚಾಂಗವನ್ನು ನೀರಿನಲ್ಲಿಯೇ ಓದಬೇಕು. ಗೋಡೆಯ ಕ್ಯಾಲೆಂಡರನ್ನು ನಂಬಿ ಹೋದವನು ಬರಿಗೈಯಲ್ಲಿ ಬರುತ್ತಾನೆ.

ಚಳಿಗಾಲದಲ್ಲಿ ಉತ್ತರದ ಭೂಖಂಡದಿಂದ ಶೀತಗಾಳಿ ಅಲೆಯಲೆಯಾಗಿ ಇಳಿದು ಬರುತ್ತದೆ. ಆಳವಾದ ಕಡಲು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದು. ತೆಳುನೀರಿನ ಬಯಲಾದರೋ ಒಂದೇ ಇರುಳಿನಲ್ಲಿ ತಣ್ಣಗಾಗಿಬಿಡುತ್ತದೆ. ಬೋನ್‌ಫಿಷ್ ಎಂಬ ಬೆಳ್ಳಿಬಣ್ಣದ ಮೀನು, ನೀರಿನ ಉಷ್ಣಮಾನ ಸುಮಾರು 21 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದರೆ ಬಯಲನ್ನು ತೊರೆದು ಆಳದ ಕಾಲುವೆಗಳನ್ನು ಸೇರುತ್ತದೆ. ಎರಡು ಮೂರು ದಿನ ಬಿಸಿಲು ಕಾದ ಮೇಲೆ, ಕಪ್ಪು ಕೆಸರಿನ ತಳ ಶಾಖವನ್ನು ಹೀರಿ ನೀರು ಬೆಚ್ಚಗಾದ ಕಡೆಗೆ ಮರಳಿ ಬರುತ್ತದೆ. ತಲೆಯನ್ನು ತಳಕ್ಕೆ ಊರಿ ಸೀಗಡಿಯನ್ನು ಕೆದಕುವಾಗ ಅದರ ಬಾಲ ನೀರಿನಿಂದ ಮೇಲೆ ಬಂದು ಬಿಸಿಲಿನಲ್ಲಿ ಮಿನುಗುವುದುಂಟು. ಉಳಿದ ವೇಳೆಯಲ್ಲಿ ಅದು ನೆರಳಿಗಿಂತಲೂ ಅಸ್ಪಷ್ಟ. ಅಲ್ಲಿಯವರು ಅದನ್ನು ಬೂದುಬಣ್ಣದ ಪಿಶಾಚಿ ಎಂದು ಕರೆದಿರುವುದು ತಕ್ಕುದೇ ಆಗಿದೆ.

ನೀರು 24 ಡಿಗ್ರಿಯನ್ನು ದಾಟಿತೆಂದರೆ ವಸಂತದ ರಾಜನ ಆಗಮನ. ಟಾರ್ಪನ್ ಎಂಬುದು ಆಳುದ್ದದ ಮೀನು. ಹೆಣ್ಣು ಗಂಡಿಗಿಂತ ದೊಡ್ಡದು, ನೂರು ಕಿಲೋ ತೂಗುವುದೂ ಅಪರೂಪವಾಗಿ ಉಂಟು. ನಮ್ಮ ಹಿಂದೂ ಮಹಾಸಾಗರದಲ್ಲಿರುವ ಅದರ ದಾಯಾದಿ ಬಹಳ ಚಿಕ್ಕದು. ಟಾರ್ಪನ್ ನೀರಿನ ಮೇಲಕ್ಕೆ ಬಂದು ಗಾಳಿಯನ್ನು ನುಂಗಬಲ್ಲುದು. ಅದರ ಗಾಳಿಚೀಲ ಶ್ವಾಸಕೋಶದ ಕೆಲಸವನ್ನೂ ಮಾಡುತ್ತದೆ. ಏಪ್ರಿಲಿನಿಂದ ಜುಲೈ ಆರಂಭದವರೆಗೆ ಈ ಮೀನುಗಳು ದ್ವೀಪಗಳ ಅಂಚಿನಲ್ಲಿ ಸಾಲುಗಟ್ಟಿ ಸಾಗುತ್ತವೆ. ಮುಂದೆ ಆಳದ ಕಡಲಿಗೆ ಹೋಗಿ ಮೊಟ್ಟೆಯಿಡುತ್ತವೆ. ಒಂದು ಹೆಣ್ಣಿನ ಮೊಟ್ಟೆಗಳ ಎಣಿಕೆ ಲಕ್ಷಗಳನ್ನು ದಾಟಿ ಕೋಟಿಯ ಹತ್ತಿರ ಹೋಗುತ್ತದೆ. ಗಾಜಿನ ಎಲೆಯಂತೆ ಪಾರದರ್ಶಕವಾದ ಮರಿಗಳು ಪ್ರವಾಹದಲ್ಲಿ ತೇಲಿಬಂದು ಕಾಂಡ್ಲಾ ಕಾಡಿನ ನಿಂತ ನೀರನ್ನು ಸೇರುತ್ತವೆ. ಅವು ಪ್ರಾಯಕ್ಕೆ ಬರಲು ಸುಮಾರು ಹತ್ತು ವರ್ಷ ಬೇಕು.

ಈ ಋತುವಿನ ನಡುವೆ, ಮೇ ಕೊನೆಯಲ್ಲೋ ಜೂನಿನಲ್ಲೋ, ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನ ಸಂಜೆಗಳಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಕಡಲ ತಳದ ಬಂಡೆಗಳಲ್ಲಿ ಬಿಲ ತೋಡಿಕೊಂಡಿರುವ ಪಾಲೋಲೊ ಎಂಬ ಹುಳುಗಳು ಸಂತಾನೋತ್ಪತ್ತಿಗಾಗಿ ತಮ್ಮ ದೇಹದ ಹಿಂಭಾಗವನ್ನೇ ಕಳಚಿ ಮೇಲಕ್ಕೆ ಕಳುಹಿಸುತ್ತವೆ. ಸೂರ್ಯ ಮುಳುಗುವ ಹೊತ್ತು, ಇಳಿತದ ನೀರಿನಲ್ಲಿ ಕೆಂಪಗಿನ ತುಣುಕುಗಳು ಅಸಂಖ್ಯವಾಗಿ ಈಜುತ್ತಿರುತ್ತವೆ. ಅಷ್ಟು ದೊಡ್ಡ ಟಾರ್ಪನ್ ಬೆರಳುದ್ದದ ಆ ಹುಳುವಿಗಾಗಿ ಮೈಮರೆತು, ನೀರಿನ ಮೇಲ್ಮೈಯಲ್ಲಿ ಬಾಯಿ ತೆರೆದು ಹೀರುತ್ತ ಹೋಗುತ್ತದೆ. ಬೇಟೆಗಾರರು ವರ್ಷವಿಡೀ ಕೆಂಪು ರೋಮದ ಹುಸಿಹುಳುಗಳನ್ನು ಕಟ್ಟಿಟ್ಟುಕೊಂಡು ಈ ಕೆಲವೇ ಸಂಜೆಗಳಿಗಾಗಿ ಕಾದಿರುತ್ತಾರೆ. ತಿಥಿ ನೋಡಿ ಕಾರ್ಯಕ್ಕೆ ಹೊರಡುವ ನಮ್ಮ ಹಿರಿಯರು ಇದನ್ನು ಕಂಡಿದ್ದರೆ ಮೆಚ್ಚುತ್ತಿದ್ದರು.

ಬೇಸಗೆಯ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಮುಂಜಾನೆಯ ಒಂದೆರಡು ಗಂಟೆ ಮೀನಿನದು, ಮಧ್ಯಾಹ್ನ ಗುಡುಗು ಸಿಡಿಲಿನದು. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲವೆಂದು ಸರಕಾರವೇ ಗೊತ್ತುಮಾಡಿದೆ. ನಡುವೆ ಅಕ್ಟೋಬರಿನಲ್ಲಿ ನೀರು ಹದಕ್ಕೆ ಬಂದಾಗ ಬೋನ್‌ಫಿಷ್ ಮತ್ತೆ ಬಯಲಿಗೆ ಬರುತ್ತದೆ.

ಪರ್ಮಿಟ್ ಎಂಬ ಇನ್ನೊಂದು ಮೀನು, ಏಡಿಯನ್ನು ತಿನ್ನುವ ಮಹಾ ಸಂಶಯಾಳು, ವಸಂತದಲ್ಲಿ ಬಯಲನ್ನು ಬಿಟ್ಟು ಹವಳದ ದಿಬ್ಬಗಳ ಬಳಿ ಮೊಟ್ಟೆಯಿಡಲು ಗುಂಪು ಸೇರುತ್ತದೆ. ಕೀ ವೆಸ್ಟಿಗೆ ಹತ್ತು ಮೈಲಿ ದೂರದ ವೆಸ್ಟರ್ನ್ ಡ್ರೈ ರಾಕ್ಸ್ ಎಂಬಲ್ಲಿ ಏಪ್ರಿಲಿನಿಂದ ಜುಲೈವರೆಗೆ ಯಾರೂ ಗಾಳ ಹಾಕಬಾರದೆಂದು 2021ರಲ್ಲಿ ಕಟ್ಟಳೆಯಾಯಿತು. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದೋಣಿಗಳು ದಡದಲ್ಲಿ ನಿಲ್ಲುವ ನಿಯಮವನ್ನು ಬಲ್ಲವರಿಗೆ ಇದು ಹೊಸದೆನಿಸದು.

ಇಷ್ಟೆಲ್ಲ ನಿಯತವಾದ ಪಂಚಾಂಗವೂ ತಪ್ಪುತ್ತದೆ. 2010ರ ಜನವರಿಯಲ್ಲಿ ಶೀತಗಾಳಿ ಬಂದದ್ದು ದಿನಗಟ್ಟಲೆ ನಿಂತಿತು. ಫ್ಲೋರಿಡಾ ಕೊಲ್ಲಿಯ ತೆಳುನೀರು 10 ಡಿಗ್ರಿಗಿಂತ ಕೆಳಗಿಳಿಯಿತು. ಆಳಕ್ಕೆ ಓಡಲು ಸಮಯ ಸಾಲದೆ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು; ಹವಳಗಳೂ ಉಳಿಯಲಿಲ್ಲ. ಅಳಿದುಳಿದವನ್ನು ಕಾಪಾಡಲು ರಾಜ್ಯದ ವನ್ಯಜೀವಿ ಇಲಾಖೆ ಬೋನ್‌ಫಿಷ್, ಟಾರ್ಪನ್‌ಗಳ ಬೇಟೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಇನ್ನು 2023ರ ಜುಲೈ 24ರಂದು ಮ್ಯಾನಟೀ ಕೊಲ್ಲಿಯ ಅಳತೆಯ ಯಂತ್ರ 38.4 ಡಿಗ್ರಿಯನ್ನು ತೋರಿಸಿತು. ಮನುಷ್ಯನಿಗಾದರೆ ಅದನ್ನು ಜ್ವರವೆಂದು ಕರೆಯುತ್ತೇವೆ. ಆ ಜಾಗ ತೆಳ್ಳಗೆ, ನೀರು ಕಪ್ಪಗೆ; ಆದುದರಿಂದ ಇಡೀ ಕಡಲು ಹಾಗಿತ್ತೆಂದು ಹೇಳಲಾಗದು. ಆದರೆ ಆ ಬೇಸಗೆಯಲ್ಲಿ ದ್ವೀಪಮಾಲೆಯ ಉದ್ದಕ್ಕೂ ಹವಳಗಳು ಬಿಳಿಚಿಕೊಂಡದ್ದು ಮಾತ್ರ ನಿಜ.

ಶೀತವನ್ನು ತಂದವರು ಯಾರೂ ಇಲ್ಲ. ಮೂರನೆಯ ವಿಪತ್ತಿಗಾದರೋ ಮನುಷ್ಯನ ಕೈ ಸ್ಪಷ್ಟವಾಗಿ ಉಂಟು. ಫ್ಲೋರಿಡಾದ ಎವರ್‌ಗ್ಲೇಡ್ಸ್ ಎಂಬ ಜೌಗುನೆಲದ ಮಳೆನೀರು ತೆಳ್ಳನೆಯ ಹಾಳೆಯಂತೆ ದಕ್ಷಿಣಕ್ಕೆ ಹರಿದು ಕೊಲ್ಲಿಯನ್ನು ಸೇರುತ್ತಿತ್ತು. 1928ರಲ್ಲಿ ಮುಗಿದ ಟಾಮಿಯಾಮಿ ರಸ್ತೆ ಅದಕ್ಕೆ ಅಡ್ಡಗಟ್ಟೆಯಾಯಿತು. ನಾಲೆಗಳು ನೀರನ್ನು ಬೇರೆ ದಿಕ್ಕುಗಳಿಗೆ ತಿರುಗಿಸಿದವು. 2015ರಲ್ಲಿ ಮಳೆಯೂ ಕೈಕೊಟ್ಟಾಗ ಕೊಲ್ಲಿ ವಿಪರೀತ ಉಪ್ಪಾಗಿ, ಸುಮಾರು 40,000 ಎಕರೆ ಕಡಲಹುಲ್ಲು ಸತ್ತಿತು. ಹುಲ್ಲು ಹೋದರೆ ಸೀಗಡಿ, ಏಡಿಗಳಿಗೆ ನೆಲೆಯಿಲ್ಲ. ಅವಿಲ್ಲದ ಬಯಲಿಗೆ ಬೋನ್‌ಫಿಷ್ ಏಕೆ ಬಂದೀತು? ನೀರನ್ನು ಮತ್ತೆ ಹರಿಯಬಿಡುವ ಯೋಜನೆಗೆ 2000ದಲ್ಲಿಯೇ ಒಪ್ಪಿಗೆ ದೊರೆತಿತ್ತು. ರಸ್ತೆಯನ್ನು ಎತ್ತರಿಸಿ ಕೆಳಗೆ ನೀರು ಬಿಡುವ ಮೊದಲ ಒಂದು ಮೈಲಿಯ ಸೇತುವೆ ಮುಗಿದದ್ದು 2013ರಲ್ಲಿ. ಸರಕಾರಗಳ ನಡಿಗೆ ಎಲ್ಲ ದೇಶಗಳಲ್ಲಿಯೂ ಒಂದೇ ಎನ್ನಬೇಕು.

ಈ ನಡುವೆ ಮೀನು ಹಿಡಿದವನು ಅದನ್ನು ಮರಳಿ ಬಿಡುವುದೇ ಅಲ್ಲಿ ಕಟ್ಟಳೆಯಾಗಿದೆ. 2013ರ ನಿಯಮದಂತೆ ಬೋನ್‌ಫಿಷ್, ಟಾರ್ಪನ್ ಎರಡನ್ನೂ ಬಿಡಬೇಕು. 40 ಅಂಗುಲಕ್ಕಿಂತ ಉದ್ದದ ಟಾರ್ಪನ್ನನ್ನು ಚಿತ್ರ ತೆಗೆಯುವುದಕ್ಕಾಗಿ ಕೂಡ ನೀರಿನಿಂದ ಎತ್ತಬಾರದು. ದಾಖಲೆಗಾಗಿ ಚೀಟಿ ಕೊಂಡವನಿಗೆ ಮಾತ್ರ ವರ್ಷಕ್ಕೊಂದು ಮೀನಿನ ಅನುಮತಿ. ಬಿಸಿನೀರಿನಲ್ಲಿ ಪ್ರಾಣವಾಯು ಕಡಿಮೆ. ದಾರದ ತುದಿಯಲ್ಲಿ ಬಹಳ ಹೊತ್ತು ಸೆಣಸಿ ಸೋತ ಮೀನನ್ನು ಹಾಗೆಯೇ ಬಿಟ್ಟರೆ, ಹಿಂದೆಯೇ ಬರುವ ಸುತ್ತಿಗೆದಲೆಯ ಶಾರ್ಕಿಗೆ ಅದು ತುತ್ತಾಗುತ್ತದೆ. ಆದುದರಿಂದ ತಿಳಿದ ಅಂಬಿಗನು ಸೆಣಸಾಟವನ್ನು ಬೇಗ ಮುಗಿಸು ಎನ್ನುತ್ತಾನೆ. ಶಾರ್ಕ್ ಕಂಡರೆ ದಾರವನ್ನೇ ಕತ್ತರಿಸಿಬಿಡು ಎನ್ನುತ್ತಾನೆ.

1935ರಲ್ಲಿ, ಆ ಚಂಡಮಾರುತದ ವರ್ಷದಲ್ಲಿಯೇ, ಶಿಕಾಗೋ ನಗರದ ಶೆಡ್ ಮತ್ಸ್ಯಾಲಯಕ್ಕೆ ಒಂದು ಟಾರ್ಪನ್ ಬಂದಿತು. ಅದು ಸತ್ತದ್ದು 1998ರಲ್ಲಿ. ಈಗ ದೋಣಿಯ ಪಕ್ಕದಲ್ಲಿ ಅಂಬಿಗನು ದವಡೆಯನ್ನು ಹಿಡಿದು, ಕಿವಿರುಗಳಿಗೆ ನೀರು ಹರಿಯುವಂತೆ ಮೆಲ್ಲನೆ ಮುಂದಕ್ಕೆ ನಡೆಸುತ್ತಿರುವ ಮೀನು ಅವನಿಗಿಂತಲೂ ಹಿರಿಯದಾಗಿರಬಹುದು. ಅದು ಒಮ್ಮೆ ಬಾಲ ಬಡಿಯುತ್ತದೆ. ಅವನು ಕೈ ಬಿಡುತ್ತಾನೆ. ಸ್ವಲ್ಪ ದೂರದಲ್ಲಿ ಅದು ಮೇಲೆದ್ದು ಒಂದು ಗುಟುಕು ಗಾಳಿಯನ್ನು ನುಂಗಿತೆಂದರೆ, ಅವನು ಮತ್ತೆ ಗಳವನ್ನು ಎತ್ತಿಕೊಳ್ಳುತ್ತಾನೆ.